ಜಾಮೀನು ಮಂಜೂರಾದರೂ ಜೈಲಿನಲ್ಲೇ ಉಳಿಯುವವರು: ಶ್ಯೂರಿಟಿ ಪ್ರಶ್ನೆಯ ಹಿನ್ನೆಲೆ

ಕಳೆದ ಮೂರ್ನಾಲ್ಕು ವರ್ಷಗಳಲ್ಲಿ ಜಾಮೀನಿನ ಬಗ್ಗೆ ಬಂದ ತೀರ್ಪು, ತಿದ್ದುಪಡಿ, ಯೋಜನೆಗಳ ಜಾಡು ಹಿಡಿಯುವುದು ವಕೀಲರಿಗೇ ಕಷ್ಟವಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) 2022ರ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ಇವರಲ್ಲಿ ಕೆಲವರಿಗೆ ನ್ಯಾಯಾಲಯ ಬಿಡುಗಡೆಯ ಆದೇಶವನ್ನೂ ಕೊಟ್ಟಿರುತ್ತದೆ. ಆದರೂ ಅವರು ಹೊರಗೆ ಬಂದಿರುವುದಿಲ್ಲ.

ಕಾರಣ ಸರಳ. ‘ಇಷ್ಟು ಮೊತ್ತದ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಶ್ಯೂರಿಟಿ’ ಎಂದು ಆದೇಶವಾಗುತ್ತದೆ. ಬಾಂಡ್ ಎಂದರೆ ಕೋರ್ಟಿಗೆ ಬರುತ್ತೇನೆ, ತಪ್ಪಿದರೆ ಆ ಹಣ ಕೊಡುತ್ತೇನೆ ಎಂಬ ಆರೋಪಿಯ ಮುಚ್ಚಳಿಕೆ; ಶ್ಯೂರಿಟಿ ಎಂದರೆ ಅವನ ಪರ ಅದೇ ಹೊಣೆ ಹೊರುವ ಜಾಮೀನುದಾರ. ಶ್ಯೂರಿಟಿ ಕೊಡಲು ಬರುವವನು ಪಹಣಿ ಅಥವಾ ಮನೆಯ ಪತ್ರ, ಕಂದಾಯ ಕಟ್ಟಿದ ರಸೀದಿ, ಆಧಾರ್, ಫೋಟೊ ಹಿಡಿದು ಒಂದು ದಿನದ ಕೂಲಿ ಬಿಟ್ಟು ಕೋರ್ಟಿಗೆ ಬರಬೇಕು. ಆರೋಪಿ ತನಗೆ ಹೇಗೆ ಪರಿಚಯ ಎಂಬ ಪ್ರಶ್ನೆಗೆ ಉತ್ತರಿಸಬೇಕು. ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವ ಕೂಲಿಯವನಿಗೆ ಇಂಥವರು ಎಲ್ಲಿ ಸಿಗಬೇಕು? ಹಣ ಪಡೆದು ಸುಳ್ಳು ದಾಖಲೆ ತರುವ ನಕಲಿ ಶ್ಯೂರಿಟಿಗಳ ದಂಧೆ ಹುಟ್ಟಿದ್ದೇ ಈ ಕೊರತೆಯಿಂದ.

ಇದು ಹೊಸ ಸಂಕಟವೇನಲ್ಲ. 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸಗಾರನಿಗೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಸಹೋದರ ಮುಂದೆ ಬಂದರೂ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಎತ್ತಿದ ಪ್ರಶ್ನೆಯಲ್ಲಿ ನಾವೂ ಇದ್ದೇವೆ: ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತಾರ್‌ನಲ್ಲೋ ಚಾಂದನಿ ಚೌಕದಲ್ಲೋ ಬಂಧಿತನಾದರೆ ಅಲ್ಲಿ ಆಸ್ತಿಯಿರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು? ಆ ಗಾರೆ ಕೆಲಸಗಾರನನ್ನು ಶ್ಯೂರಿಟಿಯಿಲ್ಲದೆ, ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಲು ಆದೇಶವಾಯಿತು.

ಮರುವರ್ಷ ಬಂದ ಹುಸೈನಾರಾ ಖಾತೂನ್ ಪ್ರಕರಣ ಇನ್ನೂ ಆಳಕ್ಕೆ ಇಳಿಯಿತು. ಬಿಹಾರದ ಜೈಲುಗಳಲ್ಲಿ ಕೆಲವರು, ತಪ್ಪು ಸಾಬೀತಾದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದರು. ಪತ್ರಿಕಾ ವರದಿ ಹಿಡಿದು ವಕೀಲೆ ಕಪಿಲಾ ಹಿಂಗೋರಾನಿ ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಪಿ.ಎನ್. ಭಗವತಿ, ಹಣವೇ ಭದ್ರತೆ ಎಂಬ ಹಳೆಯ ನಂಬಿಕೆಯನ್ನು ಬಿಡಿ ಎಂದರು. ಆರೋಪಿ ಆ ಊರಲ್ಲಿ ಎಷ್ಟು ಕಾಲದಿಂದ ಇದ್ದಾನೆ, ಏನು ಕೆಲಸ, ಸಂಸಾರ ಎಲ್ಲಿದೆ, ಹಿಂದಿನ ಪ್ರಕರಣಗಳಿವೆಯೇ, ಅವನ ಪರ ಮಾತಾಡುವವರು ಯಾರು ಎಂದು ವಿಚಾರಿಸಿ, ಬೇರು ಗಟ್ಟಿಯಿದ್ದರೆ ಸ್ವಂತ ಬಾಂಡಿನ ಮೇಲೆ ಬಿಡಿ ಎಂದು ಪಟ್ಟಿಯನ್ನೇ ಕೊಟ್ಟರು.

ಆ ಪಟ್ಟಿಯ ಮೂಲ ನ್ಯೂಯಾರ್ಕಿನಲ್ಲಿದೆ. 1961ರಲ್ಲಿ ವೆರಾ ಸಂಸ್ಥೆ ಶುರು ಮಾಡಿದ ಮ್ಯಾನ್‌ಹಟನ್ ಬೇಲ್ ಪ್ರಾಜೆಕ್ಟಿನಲ್ಲಿ ಕಾನೂನು ವಿದ್ಯಾರ್ಥಿಗಳು ಆರೋಪಿಯನ್ನು ಜಡ್ಜ್ ಮುಂದೆ ನಿಲ್ಲಿಸುವ ಮೊದಲೇ ಮಾತಾಡಿಸುತ್ತಿದ್ದರು. ಹೇಳಿದ್ದು ನಿಜವೇ ಎಂದು ನೆಂಟರಿಗೂ ಮಾಲೀಕರಿಗೂ ಫೋನ್ ಮಾಡಿ ಖಚಿತಪಡಿಸಿಕೊಂಡು, ಅಂಕ ಹಾಕಿ, ಶಿಫಾರಸು ಬರೆದುಕೊಡುತ್ತಿದ್ದರು. ಹೀಗೆ ಹಣವಿಲ್ಲದೆ ಬಿಡುಗಡೆಯಾದವರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ ಗೊತ್ತಾದ ದಿನ ಕೋರ್ಟಿಗೆ ಬಂದರು. ಅಲ್ಲಿ 1966ರಲ್ಲಿ ಫೆಡರಲ್ ಕಾನೂನೇ ಬದಲಾಯಿತು. ಭಗವತಿಯವರು ಈ ಪ್ರಯೋಗವನ್ನು ತೀರ್ಪಿನಲ್ಲೇ ಉಲ್ಲೇಖಿಸಿದ್ದಾರೆ. ಆದರೆ ನಮಗೆ ಬಂದದ್ದು ಪ್ರಶ್ನೆಗಳ ಪಟ್ಟಿ ಮಾತ್ರ. ಪ್ರಶ್ನೆ ಕೇಳಿ ಉತ್ತರವನ್ನು ಜಡ್ಜ್ ಮೇಜಿಗೆ ತಲುಪಿಸುವ ವ್ಯಕ್ತಿ ಬರಲಿಲ್ಲ. ಎಡವಟ್ಟಾದದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಆಮೇಲಿನ ನಾಲ್ಕು ದಶಕ ಸಮಿತಿ, ವರದಿ, ತಿದ್ದುಪಡಿಗಳಲ್ಲಿ ಕಳೆಯಿತು. ದಂಡ ಪ್ರಕ್ರಿಯಾ ಸಂಹಿತೆಯ 2005ರ ತಿದ್ದುಪಡಿಯಲ್ಲಿ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದವರ ಬಿಡುಗಡೆಗೆ ದಾರಿಯಾಯಿತು. ಜಾಮೀನೀಯ, ಅಂದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕೇ ಆಗಿರುವ, ಅಪರಾಧದಲ್ಲಿ ಒಂದು ವಾರದೊಳಗೆ ಶ್ಯೂರಿಟಿ ತರಲಾಗದವರನ್ನು ಬಡವರೆಂದೇ ಭಾವಿಸಬೇಕು ಎಂಬ ಒಳ್ಳೆಯ ಮಾತೂ ಕಾನೂನಿಗೆ ಸೇರಿತು. ಆ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 479ನೇ ಕಲಂ, ಮೊದಲ ಬಾರಿಯ ಆರೋಪಿಗಳಿಗೆ ಅರ್ಧವನ್ನು ಮೂರನೇ ಒಂದಕ್ಕೆ ಇಳಿಸಿದೆ. ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿದ್ದವರಿಗೆ ಅದು ಸಿಗದು.

2022ರ ಸಂವಿಧಾನ ದಿನದಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬಡ ಕೈದಿಗಳ ಪರ ಮಾತಾಡಿದರು. ಅದರ ಬೆನ್ನಲ್ಲೇ ಸುಪ್ರೀಂ ಕೋರ್ಟ್ ಲೆಕ್ಕ ಕೇಳಿತು. ಜಾಮೀನು ಸಿಕ್ಕಿಯೂ ಒಳಗಿದ್ದವರು ಸುಮಾರು 5,000 ಎಂದೂ, ಅವರಲ್ಲಿ 1,417 ಮಂದಿ ಬಿಡುಗಡೆಯಾದರೆಂದೂ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ತಿಳಿಸಿತು. 2023ರ ಜನವರಿ 31ರಂದು ನಿರ್ದೇಶನಗಳು ಬಂದವು: ಆದೇಶದ ಪ್ರತಿ ಇಮೇಲ್‌ನಲ್ಲಿ ಜೈಲಿಗೆ ಹೋಗಬೇಕು, ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೇಳಬೇಕು, ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟೇ ಷರತ್ತನ್ನು ಮರುಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟದಿಂದಲೂ ಬಿಡುಗಡೆ ತಡವಾಗುತ್ತದೆ ಎಂದು ಕೋರ್ಟ್ ಗುರುತಿಸಿತು. ಮೋತಿರಾಮ್ ತೀರ್ಪು ಬಂದು ಆಗ 44 ವರ್ಷ ಕಳೆದಿತ್ತು. ಅದೇ ವರ್ಷ ಕೇಂದ್ರದ ಯೋಜನೆಯಡಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ನೆರವು ಘೋಷಣೆಯಾಯಿತು. ಬೇಕಾದ ನೆರವೇ. ಆದರೆ ಅದು ಬಿಡುಗಡೆಗೆ ಕಟ್ಟಿದ ಬೆಲೆಯನ್ನು ಸರ್ಕಾರ ತೆರುವ ಕ್ರಮ. ಆ ಬೆಲೆ ಬೇಕೇ ಎಂದು ಅದು ಕೇಳುವುದಿಲ್ಲ.

ಆರೋಪಿಯ ಹಿನ್ನೆಲೆ ಕೇಳಿ ತಿಳಿಯುವವರು ಇಲ್ಲವೇ ಇಲ್ಲ ಎನ್ನಲಾಗದು. ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದ ಸಮಾಜ ಕಾರ್ಯಕರ್ತರನ್ನು ಜೈಲುಗಳಿಗೆ ಕಳಿಸುತ್ತಿದೆ. ತಪ್ಪಿತಸ್ಥರನ್ನು ಜೈಲಿನ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಡಲು ಅವಕಾಶ ಕೊಡುವ 1958ರ ಪ್ರೊಬೇಷನ್ ಕಾಯ್ದೆಯಡಿ ಪ್ರೊಬೇಷನ್ ಅಧಿಕಾರಿಗಳೂ ಇದ್ದಾರೆ. ಮನೆ, ಕೆಲಸ, ನಡತೆ ವಿಚಾರಿಸಿ ವರದಿ ಬರೆಯುವುದು ಅವರ ಕೆಲಸವೇ. ಆದರೆ ಆ ವರದಿ ಬರುವುದು ಅಪರಾಧ ಸಾಬೀತಾದ ಮೇಲೆ. ಅದೇ ವಿಚಾರಣೆ ರಿಮಾಂಡಿನ ಮೊದಲ ದಿನ, ಅಂದರೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಮೊದಲು ತಂದಾಗ, ಕಾನೂನು ನೆರವಿನ ವಕೀಲರ ಪಕ್ಕದಲ್ಲೇ ನಡೆದರೆ, ಭಗವತಿಯವರ ಪಟ್ಟಿಯನ್ನು ತುಂಬಲು ಒಂದು ಹಾಳೆ ಸಾಕು.