ಚರ್ಮದ ಹೊಲಿಗೆ: ತಿರುಪು ಮುಟ್ಟುವ ಮೊದಲು ದಾರದ ದಾರಿ ನೋಡಿ

ನಾನು ಕಲಿಯುತ್ತಿರುವುದು ಜೂಕಿ ಡಿಎನ್‌ಯು-1541 ಎಂಬ ಕಾರ್ಖಾನೆ ಹೊಲಿಗೆ ಯಂತ್ರದಲ್ಲಿ. ಮನೆಯ ಹೊಲಿಗೆ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಮಾತ್ರ ಬಟ್ಟೆಯನ್ನು ಸರಿಸುತ್ತವೆ; ಇದರಲ್ಲಿ ಹಲ್ಲು, ಚರ್ಮವನ್ನು ಮೇಲಿನಿಂದ ಒತ್ತಿ ಹಿಡಿಯುವ ಪಾದ, ಸೂಜಿ ಮೂರೂ ಒಟ್ಟಿಗೆ ಸರಿಯುತ್ತವೆ. ಹಾಗಾಗಿ ಚರ್ಮದ ಪದರಗಳು ಒಂದರ ಮೇಲೊಂದು ಜಾರುವುದಿಲ್ಲ. ಆದರೆ ಚರ್ಮಕ್ಕೆ ಬಿದ್ದ ತೂತು ಬಟ್ಟೆಯದರಂತೆ ಮುಚ್ಚಿಕೊಳ್ಳುವುದಿಲ್ಲ. ಹೊಲಿಗೆ ಬಿಚ್ಚಿದರೂ ತಪ್ಪಿನ ಸಾಲು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಪ್ರಯೋಗವೆಲ್ಲ ಅದೇ ದಪ್ಪದ, ಅಷ್ಟೇ ಪದರಗಳ ಚೂರಿನ ಮೇಲೆ ನಡೆಯಲಿ.

ದಾರ ಪೋಣಿಸುವಾಗ ಕೈಚಕ್ರ ತಿರುಗಿಸಿ ದಾರವನ್ನು ಮೇಲೆಳೆಯುವ ಟೇಕ್-ಅಪ್ ಲಿವರನ್ನು ತುತ್ತತುದಿಗೆ ತನ್ನಿ, ಪಾದವನ್ನು ಎತ್ತಿಡಿ. ಪಾದ ಎತ್ತಿದಾಗ, ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳು ಬಾಯಿ ಬಿಡುತ್ತವೆ, ದಾರ ಒಳಗೆ ಪೂರ್ತಿ ಕೂರುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ನಾನು ಒಂದು ಮಧ್ಯಾಹ್ನ ಕಳೆದುಕೊಂಡೆ. ಚರ್ಮದ ಅಡಿಯಲ್ಲಿ ದಾರ ಶಾವಿಗೆಯಂತೆ ಗೊಂಚಲಾಗಿ ನೇತಾಡುತ್ತಿತ್ತು. ಗೋಜಲು ಕೆಳಗಿದೆಯಲ್ಲ, ಕೆಳಗಿನ ದಾರ ಸುತ್ತಿರುವ ಬಾಬಿನ್‌ದೇ ತಪ್ಪು ಎಂದು ಬಾಬಿನ್ ಕೇಸಿನ ತಿರುಪನ್ನು ಬಿಗಿ ಮಾಡುತ್ತಲೇ ಹೋದೆ. ಕೊನೆಗೆ ನೋಡಿದರೆ ಮೇಲಿನ ದಾರ ತಟ್ಟೆಗಳ ನಡುವೆ ಇರಲೇ ಇಲ್ಲ, ಅಂಚಿನ ಮೇಲೆ ಕೂತಿತ್ತು. ಕೆಳಗೆ ಗೋಜಲಾದರೆ ಮೊದಲು ಮೇಲಿನ ದಾರವನ್ನೇ ನೋಡಬೇಕು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ. ಪೋಣಿಸಿದ ಮೇಲೆ ಪಾದ ಇಳಿಸಿ ದಾರ ಎಳೆದು ನೋಡಿ: ಎದುರು ಬಲ ಕೊಡಬೇಕು. ಪಾದ ಎತ್ತಿದರೆ ಸಲೀಸಾಗಿ ಬರಬೇಕು. ಎರಡೂ ಒಂದೇ ಆಗಿದ್ದರೆ ಮತ್ತೆ ಪೋಣಿಸಿ.

ಇನ್ನೆರಡು ಕಡೆ ದಾರ ತಪ್ಪುವುದುಂಟು. ದಾರದ ಸ್ಟ್ಯಾಂಡಿನ ಕೊಂಡಿ ಉಂಡೆಯ ನೆತ್ತಿಯ ಮೇಲೆ ನೇರವಾಗಿರಬೇಕು, ಓರೆಯಾದರೆ ಎಳೆತ ಒಂದೇ ಸಮನಿರದು. ಸೂಜಿಗೆ ದಾರ ಉದ್ದನೆಯ ತೋಡಿರುವ ಬದಿಯಿಂದ ಹೊಕ್ಕು, ಕಣ್ಣಿನ ಮೇಲೆ ಚಿಕ್ಕ ತಗ್ಗು ಇರುವ ಬದಿಯಿಂದ ಹೊರಬರಬೇಕು. ತಗ್ಗು ಹುಕ್ಕಿನ, ಅಂದರೆ ಕೆಳಗೆ ಸುತ್ತುತ್ತ ಮೇಲಿನ ದಾರವನ್ನು ಹಿಡಿಯುವ ಕೊಕ್ಕೆಯ, ಕಡೆಗಿರುತ್ತದೆ. ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಯನ್ನು ಮೂರು ನಾಲ್ಕು ಹೊಲಿಗೆಯವರೆಗೆ ಹಿಡಿದುಕೊಳ್ಳಿ.

ಬಿಗಿಯ ವಿಷಯ. ಮೇಲಿನ ದಾರ ಮತ್ತು ಬಾಬಿನ್ ದಾರ ಒಂದನ್ನೊಂದು ಹೆಣೆದುಕೊಳ್ಳುವ ಗಂಟು ಚರ್ಮದ ದಪ್ಪದ ನಡುವೆ ಅಡಗಿರಬೇಕು. ಇದು ಹಗ್ಗಜಗ್ಗಾಟ: ಯಾವ ದಾರ ಬಿಗಿಯೋ ಗಂಟು ಅದರ ಕಡೆಗೆ ಸರಿಯುತ್ತದೆ. ಮೇಲೆ ಬಿಳಿ, ಬಾಬಿನ್ನಿಗೆ ಕಪ್ಪು ದಾರ ಹಾಕಿ ಹೊಲಿದರೆ ಗೊತ್ತಾಗುತ್ತದೆ. ಮೇಲ್ಮೈಯಲ್ಲಿ ಕಪ್ಪು ಚುಕ್ಕೆ ಇಣುಕಿದರೆ ಮೇಲಿನ ಬಿಗಿ ಹೆಚ್ಚಾಯಿತು ಅಥವಾ ಬಾಬಿನ್ ಸಡಿಲವಾಯಿತು. ಬಾಬಿನ್ನನ್ನು ಮೊದಲು ಸರಿ ಮಾಡಿ, ನಂತರ ಅದನ್ನು ಮುಟ್ಟದೆ ಮೇಲಿನ ತಿರುಪಿನಿಂದಲೇ ಹೊಂದಿಸಿ. ಬಾಬಿನ್ನಿನ ತಿರುಪು ಕಾಲು ಸುತ್ತಿಗಿಂತ ಹೆಚ್ಚು ಒಂದೇ ಸಲ ತಿರುಗದಿರಲಿ.

ಎಷ್ಟು ತಿರುಗಿಸಿದರೂ ಗಂಟು ಒಳಗೆ ಹೋಗದಿದ್ದರೆ ಸೂಜಿಯ ಮೇಲೆ ಅನುಮಾನ ಪಡಿ. ಸೂಜಿಯ ಮೇಲಿನ 140 ಎಂದರೆ ಅಡ್ಡಳತೆ 1.4 ಮಿಲಿಮೀಟರ್. ದಾರದ ದಪ್ಪ ಹೇಳುವ ಟೆಕ್ಸ್ 135 ಎಂದರೆ 1000 ಮೀಟರ್ ದಾರದ ತೂಕ 135 ಗ್ರಾಂ. ಅದಕ್ಕೆ 140ರ ಸೂಜಿ ಹೊಂದುತ್ತದೆ. 110ರ ಸೂಜಿ ಹಾಕಿದರೆ ತೂತು ಚಿಕ್ಕದಾಗಿ, ಗಂಟು ಒಳಗೆ ನುಗ್ಗಲು ಜಾಗವಿಲ್ಲ. ಬಿಗಿ ಏರಿಸುತ್ತ ಹೋದರೆ ದಾರ ಜುಂಗುಜುಂಗಾಗುತ್ತದೆ.

ಹೊಲಿಗೆ ತಪ್ಪುವುದು, ಅಂದರೆ ನಡುನಡುವೆ ಒಂದು ಬಿಟ್ಟುಹೋಗುವುದು, ಬೇರೆಯೇ ರೋಗ. ಸೂಜಿ ಮೇಲೇಳುವಾಗ ಚರ್ಮವೂ ಅದರ ಜೊತೆ ಎದ್ದರೆ ದಾರದ ಕುಣಿಕೆ ಮೂಡುವುದಿಲ್ಲ, ಹುಕ್ಕಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಟೆನ್ಷನ್ನಿಗೆ ಕೈ ಹಾಕದೆ ಪಾದದ ಒತ್ತಡ ಹೆಚ್ಚಿಸಿ. ಮೂಲೆ ತಿರುಗಿಸುವಾಗಲೂ ಇದೇ ಲೆಕ್ಕ: ಸೂಜಿ ತಳ ಮುಟ್ಟಿ ತುಸು ಮೇಲೆದ್ದು, ಹುಕ್ಕು ಕುಣಿಕೆಯನ್ನು ಹಿಡಿದ ಮೇಲೆ ಪಾದ ಎತ್ತಿ ತಿರುಗಿಸಬೇಕು. ಮೋಟರ್ ಬಿಟ್ಟು ಕೈಚಕ್ರದಲ್ಲಿ ನಿಧಾನ ಮಾಡಿದರೆ ಆ ಕ್ಷಣ ಕಣ್ಣಿಗೇ ಕಾಣುತ್ತದೆ.

ಸರಿಹೋದ ಚೂರನ್ನು ಎಸೆಯಬೇಡಿ. ಅದರ ಹಿಂಬದಿಯಲ್ಲಿ ದಾರ, ಸೂಜಿ, ದಪ್ಪ ಬರೆದು ಯಂತ್ರದ ಪಕ್ಕದ ಮೊಳೆಗೆ ಸಿಕ್ಕಿಸಿ. ನನ್ನ ಮೊಳೆಯಲ್ಲಿ ಈಗ ಏಳು ಚೂರುಗಳಿವೆ, ಅದರಲ್ಲಿ ಎರಡು ಮಾತ್ರ ಚೆನ್ನಾಗಿವೆ.