ಕ್ಲೋರಿನ್ ಹಾಕಿದ ಮೂರನೇ ದಿನದ ನೀರು

ಸಿಗಡಿ ಮರಿಗಳನ್ನು ಬೆಳೆಸುವ ಹ್ಯಾಚರಿಗಳಿಂದ ನಮ್ಮ ಪ್ರಯೋಗಾಲಯಕ್ಕೆ ಬರುವ ನೀರಿನ ಮಾದರಿಗಳಲ್ಲಿ ಹೆಚ್ಚಿನವು ಕ್ಲೋರಿನ್ ಹಾಕಿದ ಮರುದಿನ ಬೆಳಿಗ್ಗೆ ತೆಗೆದವು. ಅವುಗಳ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ: ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ಪ್ಲೇಟಿನ ಮೇಲೆ ಒಂದೆರಡು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಮೂಡುವ ಚುಕ್ಕೆ), ಕೆಲವೊಮ್ಮೆ ಅದೂ ಇಲ್ಲ. ಆ ವರದಿಯನ್ನು ನಂಬಿ ಮರಿ ಬಿಟ್ಟವರೇ ನಾಲ್ಕೈದು ದಿನಗಳಲ್ಲಿ ಮರಿಗಳು ಮೇವು ಬಿಟ್ಟು ತಳ ಸೇರುತ್ತಿವೆ ಎಂದು ಕರೆ ಮಾಡುತ್ತಾರೆ. ವರದಿ ಸರಿಯಾಗಿಯೇ ಇತ್ತು, ಆದರೆ ಅದು ಖಾಲಿ ನೀರಿನ ವರದಿಯಾಗಿತ್ತು. ಮರಿ, ಮೇವು, ಮಲ ಎಲ್ಲ ಸೇರಿದ ಮೇಲಿನ ನೀರನ್ನು ಯಾರೂ ಪರೀಕ್ಷೆಗೆ ಕಳುಹಿಸಿರಲಿಲ್ಲ.

ಕ್ಲೋರಿನ್ ಹಾಕುವ ಹಂತದಲ್ಲಿಯೇ ಲೆಕ್ಕ ತಪ್ಪುವುದು ಹೆಚ್ಚು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಕೆಲಸಕ್ಕೆ ಸಿಗುವ ಕ್ಲೋರಿನ್ ಶೇಕಡ 30ರಿಂದ 35ರಷ್ಟಿರುತ್ತದೆ. ಕರಾವಳಿಯ ತೇವದಲ್ಲಿ ಬಾಯಿ ಬಿಚ್ಚಿಟ್ಟ ಚೀಲದೊಳಗೆ ಅದು ಇಳಿಯುತ್ತಲೇ ಹೋಗುತ್ತದೆ. ಹತ್ತು ಸಾವಿರ ಲೀಟರ್ ನೀರಿಗೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಕ್ಲೋರಿನ್ ಬೇಕಾದಾಗ ಶೇಕಡ 30ರ ಪುಡಿ ಸುಮಾರು 335 ಗ್ರಾಂ ಸಾಕು. ಶೇಕಡ 20ಕ್ಕೆ ಇಳಿದ ಹಳೆಯ ಪುಡಿಯಾದರೆ ಅರ್ಧ ಕಿಲೋ ಬೇಕು. ನೀರಿನಲ್ಲಿ ಕೆಸರು, ಪಾಚಿ ಅಥವಾ ಅಮೋನಿಯಾ ಇದ್ದರೆ ಬ್ಯಾಕ್ಟೀರಿಯಾವನ್ನು ಮುಟ್ಟುವ ಮೊದಲೇ ಕ್ಲೋರಿನ್‌ನ ಒಂದು ಪಾಲು ಅವಕ್ಕೇ ಖರ್ಚಾಗಿಬಿಡುತ್ತದೆ. ಆದ್ದರಿಂದ ಹಾಕಿದ ಪುಡಿಯ ತೂಕಕ್ಕಿಂತ ಅರ್ಧ ಗಂಟೆಯ ಬಳಿಕ ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟೆಂಬುದನ್ನು ಬರೆದಿಡುವುದು ಮುಖ್ಯ. ಸಮುದ್ರದ ನೀರಿನಲ್ಲಿ ಕ್ಲೋರಿನ್ ಅಲ್ಲಿಯ ಬ್ರೋಮೈಡಿನೊಡನೆ ವರ್ತಿಸಿ ಬ್ರೋಮಿನ್ ರೂಪ ಪಡೆಯುತ್ತದೆ. ಉಳಿದ ಕ್ಲೋರಿನ್ ಅಳೆಯುವ ಡಿಪಿಡಿ ಕಿಟ್ಟಿನ ಗುಲಾಬಿ ಬಣ್ಣ ಅದನ್ನೂ ಸೇರಿಸಿಯೇ ತೋರಿಸುತ್ತದೆ. ಮರಿಗಳಿಗೆ ಎರಡೂ ವಿಷವಾದ್ದರಿಂದ ಬಣ್ಣ ಪೂರ್ತಿ ಹೋಗುವವರೆಗೆ ಗಾಳಿ ಹಾಯಿಸಿ, ಉಳಿದ ಕ್ಲೋರಿನ್ ಅನ್ನು ಇಲ್ಲವಾಗಿಸುವ ಸೋಡಿಯಂ ಥಯೋಸಲ್ಫೇಟ್ ಬೇಕಾದಷ್ಟು ಹಾಕಿದ ಮೇಲಷ್ಟೇ ನೀರನ್ನು ಬಳಸಬೇಕು.

ಮಾದರಿ ತೆಗೆಯುವ ಬಾಟಲಿಯಲ್ಲಿಯೂ ಇದೇ ಥಯೋಸಲ್ಫೇಟ್ ದ್ರಾವಣದ ಕೆಲವು ಹನಿಗಳಿರಬೇಕು. ಇಲ್ಲವಾದರೆ ಕುಮಟಾದಲ್ಲಿ ತುಂಬಿಸಿದ ನೀರು ಮಂಗಳೂರು ತಲುಪುವ ನಾಲ್ಕೈದು ಗಂಟೆಗಳ ಉದ್ದಕ್ಕೂ ಬಾಟಲಿಯೊಳಗಿನ ಕ್ಲೋರಿನ್ ತನ್ನ ಕೆಲಸವನ್ನು ಮುಂದುವರಿಸುತ್ತದೆ, ಟ್ಯಾಂಕಿನಲ್ಲಿ ಬದುಕಿ ಉಳಿದಿರುವ ಬ್ಯಾಕ್ಟೀರಿಯಾ ನಮ್ಮ ಪ್ಲೇಟಿನಲ್ಲಿ ಸೊನ್ನೆಯಾಗಿ ಕಾಣುತ್ತದೆ.

ಇನ್ನು ಕ್ಲೋರಿನ್ ಇಳಿದ ಮೇಲೆ ನಡೆಯುವುದನ್ನು ನೋಡೋಣ. ಸತ್ತ ಜೀವಕೋಶಗಳು ಮತ್ತು ಒಡೆದ ಸಾವಯವ ವಸ್ತು ನೀರಿನಲ್ಲಿ ಆಹಾರವಾಗಿ ಉಳಿದಿರುತ್ತವೆ, ಅದನ್ನು ಹಂಚಿಕೊಳ್ಳುತ್ತಿದ್ದ ನಿಧಾನ ಬೆಳವಣಿಗೆಯ ಬ್ಯಾಕ್ಟೀರಿಯಾ ಇರುವುದಿಲ್ಲ. ಇಂತಹ ನೀರಿಗೆ ಮರಿಗಳಿಗೆ ಮೇವಾಗಿ ಕೊಡುವ ಪುಟ್ಟ ಜೀವಿ ಆರ್ಟೀಮಿಯಾದ ಜೊತೆಗೋ ಮರಿಗಳ ಮೈಮೇಲೋ ಬರುವ ವಿಬ್ರಿಯೊ ಎಂಬ, ರೋಗ ತರಬಲ್ಲ ಬ್ಯಾಕ್ಟೀರಿಯಾ ಎಲ್ಲರಿಗಿಂತ ಮೊದಲು ಹೆಚ್ಚುತ್ತದೆ. ಗಂಟೆಗೊಮ್ಮೆ ಇಮ್ಮಡಿಯಾದರೂ ಮಿಲಿಲೀಟರಿಗೆ ಒಂದಿದ್ದದ್ದು ಹತ್ತು ಗಂಟೆಯಲ್ಲಿ ಸಾವಿರ ದಾಟುತ್ತದೆ. ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ಒಲಾವ್ ವಾಡ್‌ಸ್ಟೈನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಸಮುದ್ರಮೀನುಗಳ ಮರಿಗಳ ಮೇಲೆ ಕೆಲಸ ಮಾಡುತ್ತ ಇದಕ್ಕೊಂದು ದಾರಿ ತೋರಿಸಿದರು: ಸೋಸಿದ ನೀರನ್ನು ನೇರವಾಗಿ ಮರಿಗಳಿಗೆ ಕೊಡದೆ, ಜೈವಿಕ ಶೋಧಕದ ಮೂಲಕ ಹಾಯಿಸಿ, ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಮೊದಲು ನೆಲೆ ನಿಲ್ಲುವಂತೆ ಮಾಡಿ, ಹೀಗೆ ಮಾಗಿಸಿದ ನೀರನ್ನು ಬಳಸುವುದು. ಸೋಂಕು ಕಂಡಾಗಲೆಲ್ಲ ಕ್ಲೋರಿನ್ ಪ್ರಮಾಣವನ್ನೇ ಏರಿಸುವ ನಮ್ಮ ರೂಢಿಯನ್ನು ಮರುಪರಿಶೀಲಿಸಲು ಈ ಕೆಲಸ ಗಟ್ಟಿಯಾದ ಕಾರಣ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ವಿಬ್ರಿಯೊ ಎಣಿಸಲು ನಾವು ಬಳಸುವುದು, ಉಳಿದ ಹೆಚ್ಚಿನ ಬ್ಯಾಕ್ಟೀರಿಯಾವನ್ನು ತಡೆದು ವಿಬ್ರಿಯೊ ಬೆಳೆಯಲು ಬಿಡುವ ಟಿಸಿಬಿಎಸ್ ಅಗರ್ ಎಂಬ ಮಾಧ್ಯಮ. ಹಸಿರು ಬಣ್ಣದ ಈ ಮಾಧ್ಯಮದ ಮೇಲೆ ಹತ್ತು ಪಟ್ಟು ತೆಳುಗೊಳಿಸಿದ ಮಾದರಿಯ 0.1 ಮಿಲಿಲೀಟರ್ ಹರಡಿ, ಮರುದಿನ 46 ಕಾಲೊನಿ ಕಂಡರೆ ಮೂಲ ನೀರಿನ ಪ್ರತಿ ಮಿಲಿಲೀಟರಿನಲ್ಲಿ 4,600 ಇದ್ದವೆಂದು ಅರ್ಥ. ಸಕ್ಕರೆಯನ್ನು ಹುದುಗಿಸುವ ಜಾತಿಗಳ ಸುತ್ತ ಮಾಧ್ಯಮ ಹಳದಿಯಾಗುತ್ತದೆ, ಹುದುಗಿಸದವು ಹಸಿರಾಗಿಯೇ ಉಳಿಯುತ್ತವೆ. ಹಸಿರೆಂದರೆ ರೋಗ, ಹಳದಿಯೆಂದರೆ ಕ್ಷೇಮ ಎಂದು ಹ್ಯಾಚರಿಗಳಲ್ಲಿ ಹೇಳುವುದುಂಟು. ವಿಬ್ರಿಯೊ ಪ್ಯಾರಾಹೀಮೋಲಿಟಿಕಸ್ ಹಸಿರಾಗಿ ಬರುತ್ತದೆ ಎಂಬಷ್ಟು ಮಾತ್ರ ಅದರಲ್ಲಿ ನಿಜವಿದೆ. ಅದರ ಎಲ್ಲ ತಳಿಗಳೂ ಮಾರಕವಲ್ಲ, ಮತ್ತು ವಿಬ್ರಿಯೊ ಹಾರ್ವೆ ಎರಡೂ ಬಣ್ಣದಲ್ಲಿ ಕಾಣಿಸಿಕೊಳ್ಳಬಹುದು. ಹಾರ್ವೆಯ ಹಲವು ತಳಿಗಳು ಬೆಳಕು ಸೂಸುತ್ತವೆ. ರಾತ್ರಿ ದೀಪವಾರಿಸಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕಾದು ಟ್ಯಾಂಕನ್ನು ನೋಡಿದರೆ, ಸೋಂಕು ತಗುಲಿದ ಮರಿಗಳು ನಸುಹಸಿರಾಗಿ ಹೊಳೆಯುತ್ತವೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ವರದಿ, ಔಷಧಕ್ಕೆ ಬಗ್ಗದ ವಿಬ್ರಿಯೊ ಹಾರ್ವೆಯಿಂದ ಹುಲಿಸಿಗಡಿ ಮರಿಗಳು ಸಾಮೂಹಿಕವಾಗಿ ಸತ್ತದ್ದರ ಕುರಿತಾಗಿತ್ತು. ಆಂಟಿಬಯೋಟಿಕ್ ಸುರಿದು ಪಾರಾಗುವ ದಾರಿ ಅಂದೇ ಮುಚ್ಚುತ್ತ ಬಂದಿತ್ತು.

ವಿಬ್ರಿಯೊ ಎಣಿಕೆಯೊಂದೇ ಸಾಲದು, ಒಟ್ಟು ಬ್ಯಾಕ್ಟೀರಿಯಾದಲ್ಲಿ ಅದರ ಪಾಲೂ ಬೇಕು. ಸಮುದ್ರದ ಒಟ್ಟು ಬ್ಯಾಕ್ಟೀರಿಯಾ ಎಣಿಸಲು ಬಳಸುವ ಜೋಬೆಲ್ ಅಗರ್ ಮೇಲೆ ಒಟ್ಟು ಒಂದು ಲಕ್ಷ ಬಂದು ವಿಬ್ರಿಯೊ ಐನೂರು ಇರುವ ಟ್ಯಾಂಕಿಗಿಂತ, ಒಟ್ಟು ಐದು ಸಾವಿರವಷ್ಟೇ ಇದ್ದು ಅದರಲ್ಲಿ ನಾಲ್ಕು ಸಾವಿರ ವಿಬ್ರಿಯೊ ಇರುವ ಟ್ಯಾಂಕು ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಎರಡನೆಯದು ಕಣ್ಣಿಗೆ ತಿಳಿಯಾದ ನೀರಾಗಿರುವುದರಿಂದ ಅನುಮಾನವೂ ಬರುವುದಿಲ್ಲ.

ಹಾಗಾಗಿ ನಾನು ಕೇಳುವುದು ಮರಿ ಬಿಡುವ ಮುನ್ನದ ಒಂದು ಮಾದರಿಯ ಜೊತೆಗೆ ಮರಿ ಬಿಟ್ಟ ಎರಡನೇ, ಮೂರನೇ ಮತ್ತು ಐದನೇ ದಿನದ ಮಾದರಿಗಳನ್ನು, ಪ್ರತಿ ಸಲವೂ ಒಂದೇ ಹೊತ್ತಿಗೆ, ಮೇವು ಹಾಕುವ ಮೊದಲು ತೆಗೆದದ್ದನ್ನು. ಮೂರನೇ ದಿನ ವಿಬ್ರಿಯೊ ಪಾಲು ಏರಿದ್ದರೆ ಆರ್ಟೀಮಿಯಾ ತೊಳೆದ ನೀರು, ಪಾಚಿ ಟ್ಯಾಂಕು, ಗಾಳಿಕಲ್ಲು ಮತ್ತು ನೀರು ಬರುವ ಪೈಪಿನ ಒಳಮೈ, ಇವನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಪೈಪಿನೊಳಗೆ ಬೆರಳಿಗೆ ಜಾರುವ ಲೋಳೆಪದರ ಸಿಕ್ಕರೆ ಟ್ಯಾಂಕಿಗೆ ಇನ್ನಷ್ಟು ಕ್ಲೋರಿನ್ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಆ ಪದರದ ಒಳಗಿನ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ಸರಿಯಾಗಿ ತಲುಪುವುದಿಲ್ಲ. ಪೈಪನ್ನು ಬಿಚ್ಚಿ, ಬ್ರಷ್‌ನಿಂದ ಉಜ್ಜಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲೆ ಜೋಡಿಸಬೇಕು.