ಕಟ್ಟಡ ಬಿಡಿ, ಗಾಜು ನೋಡಿ

ಆಫೀಸ್ ಕಟ್ಟಡದ ಮುಂದೆ ಕ್ಯಾಮೆರಾ ಹಿಡಿದು ನಿಂತವರು ಮೊದಲು ಮಾಡುವ ಕೆಲಸ, ಇಡೀ ಕಟ್ಟಡವನ್ನು ಫ್ರೇಮಿಗೆ ತುರುಕುವುದು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದೇನೆ. ಬುಡ, ತುದಿ, ಆಕಾಶ, ಹೆಸರಿನ ಬೋರ್ಡು, ಎದುರಿಗೆ ನಿಂತ ಕಾರು ಎಲ್ಲ ಬರುತ್ತಿತ್ತು. ಚಿತ್ರ ಮಾತ್ರ ಬರುತ್ತಿರಲಿಲ್ಲ. ಬಾಡಿಗೆ ಜಾಹೀರಾತಿಗೆ ಅದು ಸಾಕು, ಗೋಡೆಗೆ ತೂಗುಹಾಕಲು ಸಾಲದು.

ಈಗ ನನ್ನ ಬ್ಯಾಗಿನಲ್ಲಿ ವೈಡ್ ಲೆನ್ಸ್ ಇರುವುದೇ ಅಪರೂಪ. ದೂರದ್ದನ್ನು ಹತ್ತಿರಕ್ಕೆ ಎಳೆಯುವ ಒಂದು 70-200 ಮಿಲಿಮೀಟರ್ ಝೂಮ್, ಒಂದು ಟ್ರೈಪಾಡ್, ಅಷ್ಟೇ. ರಸ್ತೆಯ ಆಚೆ ಬದಿಯಲ್ಲಿ ನಿಂತು ಹತ್ತು ಹನ್ನೆರಡು ಕಿಟಕಿಗಳನ್ನಷ್ಟೇ ಆರಿಸಿಕೊಳ್ಳುತ್ತೇನೆ. ಆಕಾಶವೂ ಕಾಣಬಾರದು, ನೆಲವೂ ಕಾಣಬಾರದು. ಇವೆರಡು ಹೋದರೆ ಸಾಕು, ನೋಡುವವರಿಗೆ ಅಳತೆ ತಪ್ಪುತ್ತದೆ. ಇದು ಎಷ್ಟು ದೊಡ್ಡದು, ಯಾವ ಕಡೆ ಮೇಲು ಎಂದು ಒಂದು ಕ್ಷಣ ತಿಳಿಯುವುದಿಲ್ಲ. 'ಅಮೂರ್ತ' (ಆಬ್‌ಸ್ಟ್ರ್ಯಾಕ್ಟ್) ಫೋಟೊ ಎಂಬ ಭಾರದ ಪದದೊಳಗೆ ಇರುವುದು ಬಹುಪಾಲು ಇಷ್ಟೇ.

ಉಳಿದದ್ದು ಗಾಜು ನೋಡಿಕೊಳ್ಳುತ್ತದೆ. ಗಾಜಿನ ಗೋಡೆ ಚಪ್ಪಟೆಯಾಗಿದೆ ಅಂದುಕೊಂಡಿರುತ್ತೇವೆ, ಅಲ್ವಾ? ಅದು ಚಪ್ಪಟೆ ಅಲ್ಲ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿತು. ಹಾಗೆ ಬಂದ ಗಾಜು ಕನ್ನಡಿಯಷ್ಟು ಸಮ. ಆದರೆ ಎತ್ತರದ ಕಟ್ಟಡಕ್ಕೆ ಗಟ್ಟಿ ಗಾಜು ಬೇಕು. ಅದಕ್ಕಾಗಿ ಹಾಳೆಯನ್ನು ಮತ್ತೆ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸುತ್ತಾರೆ. ಆಗ ಅದು ರೋಲರ್‌ಗಳ ಮೇಲೆ ಸಾಗುತ್ತಾ ಮೆತ್ತಗಾಗಿ, ಎರಡು ರೋಲರ್‌ಗಳ ನಡುವೆ ಕೂದಲೆಳೆಯಷ್ಟು ಜಗ್ಗುತ್ತದೆ. ಆ ಸಣ್ಣ ಅಲೆ ಗಾಜಿನಲ್ಲೇ ಉಳಿದುಬಿಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಈಗಿನ ಕಿಟಕಿಗಳಲ್ಲಿ ಎರಡು ಹಾಳೆಗಳ ನಡುವೆ ಗಾಳಿಯನ್ನೋ ಬೇರೆ ಅನಿಲವನ್ನೋ ಬಿಗಿಯಾಗಿ ಮುಚ್ಚಿರುತ್ತಾರೆ. ಬಿಸಿಲಿಗೆ ಅದು ಹಿಗ್ಗಿದರೆ ಗಾಜು ಹೊರಕ್ಕೆ ಉಬ್ಬುತ್ತದೆ. ತಣ್ಣಗಾದರೆ, ಅಥವಾ ಹೊರಗಿನ ಒತ್ತಡ ಏರಿದರೆ, ಒಳಕ್ಕೆ ಬಾಗುತ್ತದೆ. ಬರಿಗಣ್ಣಿಗೆ ಗಾಜು ಬಾಗಿದ್ದು ಕಾಣುವುದಿಲ್ಲ, ಬಿಂಬ ಬಾಗಿದ್ದು ಕಾಣುತ್ತದೆ. ಎದುರಿನ ಕಟ್ಟಡದ ನೆಟ್ಟಗಿನ ಕಂಬ ಒಂದು ಕಿಟಕಿಯಲ್ಲಿ ಹಾವಿನಂತೆ ಹರಿಯುತ್ತದೆ. ಪಕ್ಕದ ಕಿಟಕಿಯಲ್ಲಿ ಅದೇ ಕಂಬ ಸೊಂಟ ಮುರಿದು ನಿಂತಿರುತ್ತದೆ. ಎಂಜಿನಿಯರಿಗೆ ಇದು ದೋಷ. ನನಗೆ ಇದೇ ಬಂಡವಾಳ. ಅದಕ್ಕೇ ಒಂದೇ ಗೋಡೆಯನ್ನು ಬೆಳಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ ನೋಡಿ ಅನ್ನುತ್ತೇನೆ. ಬದಲಾಗುವುದು ಬೆಳಕೊಂದೇ ಅಲ್ಲ.

ಫೋಕಸ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನೀವು ಗಾಜಿನಿಂದ 40 ಮೀಟರ್ ದೂರದಲ್ಲಿದ್ದೀರಿ, ಬಿಂಬವಾಗಿ ಕಾಣುವ ಕಟ್ಟಡ ಗಾಜಿನಿಂದ 60 ಮೀಟರ್ ದೂರದಲ್ಲಿದೆ ಅನ್ನಿ. ಕ್ಯಾಮೆರಾ ಪಾಲಿಗೆ ಆ ಬಿಂಬ ಇರುವುದು 100 ಮೀಟರ್ ಆಚೆ. ಕಿಟಕಿಯ ಚೌಕಟ್ಟಿಗೆ ಫೋಕಸ್ ಮಾಡಿದರೆ ಬಿಂಬ ಮಸುಕು, ಬಿಂಬಕ್ಕೆ ಮಾಡಿದರೆ ಚೌಕಟ್ಟು ಮಸುಕು. ಫುಲ್ ಫ್ರೇಮ್ ಕ್ಯಾಮೆರಾ, 200 ಮಿಲಿಮೀಟರ್ ಲೆನ್ಸ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/11 ಇಟ್ಟುಕೊಂಡು ಸುಮಾರು 57 ಮೀಟರಿಗೆ ಫೋಕಸ್ ಮಾಡಿದರೆ ಎರಡೂ ಹಿಡಿತಕ್ಕೆ ಸಿಗುತ್ತವೆ. ಚೌಕಟ್ಟನ್ನು ಬೇಕೆಂದೇ ಮಸುಕು ಮಾಡುವವರೂ ಇದ್ದಾರೆ. ನನ್ನ ಕಣ್ಣಿಗೆ ಅದು ತಪ್ಪಿದ ಫೋಟೊ ಥರಾನೇ ಕಾಣುತ್ತದೆ.

ಗಾಜಿನ ಮೇಲಿನ ಬಿಂಬ ತಗ್ಗಿಸಲು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರನ್ನು ಸುಮ್ನೆ ತಿರುಗಿಸಬೇಡಿ. ಗಾಜನ್ನು ನೇರ ಎದುರಿನಿಂದ ತೆಗೆದರೆ ಅದು ಹೆಚ್ಚೇನೂ ಮಾಡುವುದಿಲ್ಲ. ಸುಮಾರು 56 ಡಿಗ್ರಿ ಓರೆಯಿಂದ ತೆಗೆದರೆ ಬಿಂಬವನ್ನು ಹೆಚ್ಚುಕಡಿಮೆ ಪೂರ್ತಿ ನುಂಗಿಹಾಕುತ್ತದೆ. ಒಮ್ಮೆ ಅಭ್ಯಾಸಬಲದಿಂದ ಪೂರ್ತಿ ತಿರುಗಿಸಿ ಮನೆಗೆ ಬಂದೆ. ಕಂಪ್ಯೂಟರಿನಲ್ಲಿ ನೋಡಿದರೆ ಬಿಂಬವೇ ಇಲ್ಲ. ಸಾಲುಸಾಲು ಮೇಜು, ನೀರಿನ ಬಾಟಲಿ, ಕುರ್ಚಿಗೆ ನೇತುಹಾಕಿದ ಸ್ವೆಟರ್!

ಇನ್ನೊಂದು ಪೆಟ್ಟು ತಿಂದದ್ದು ಪ್ರದರ್ಶನವೊಂದರಲ್ಲಿ. ಒಂದು ಮೀಟರ್ ಅಗಲದ ಪ್ರಿಂಟ್, ಬರೀ ಕಿಟಕಿಗಳ ಜಾಲರಿ. ನೋಡಲು ಬಂದ ಒಬ್ಬರು ತಲೆ ಓರೆ ಮಾಡಿ ನೋಡಿದರು, ಆಮೇಲೆ ಕೈ ಚಾಚಿ ಫ್ರೇಮನ್ನು ಸರಿಮಾಡಲು ಹೋದರು. ಓರೆಯಾಗಿದ್ದದ್ದು ಫ್ರೇಮ್ ಅಲ್ಲ, ಒಳಗಿನ ಚಿತ್ರ. ಅರ್ಧ ಡಿಗ್ರಿ ಅಷ್ಟೇ. ಆದರೆ ಒಂದು ಮೀಟರ್ ಅಗಲದಲ್ಲಿ ಅರ್ಧ ಡಿಗ್ರಿ ಅಂದರೆ ಒಂದು ಅಂಚು ಇನ್ನೊಂದಕ್ಕಿಂತ ಸುಮಾರು 9 ಮಿಲಿಮೀಟರ್ ಮೇಲೆ. ಬೆಟ್ಟದ ಚಿತ್ರದಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಜಾಲರಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಅಂದಿನಿಂದ ಸುತ್ತಲೂ ಒಂದು ಕಿಟಕಿಯಷ್ಟು ಜಾಸ್ತಿ ಜಾಗ ಬಿಟ್ಟೇ ತೆಗೆಯುತ್ತೇನೆ, ನೇರ ಮಾಡುವಾಗ ಅಂಚು ಕತ್ತರಿಸಿ ಹೋಗುತ್ತದಲ್ಲ.

ಕಪ್ಪು ಬಿಳುಪು ಬೇಕೋ, ಬಣ್ಣ ಬೇಕೋ? ಕಪ್ಪು ಆಕಾಶ, ಉದ್ದುದ್ದ ಎಳೆದ ಮೋಡ, ಬೆಳ್ಳಗೆ ಹೊಳೆಯುವ ಗೋಪುರ ಇರುವ ಫೋಟೊಗಳನ್ನು ನೀವು ನೋಡಿರುತ್ತೀರಿ. ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಬೆಳಕನ್ನು ಸುಮಾರು ಸಾವಿರದ ಒಂದು ಭಾಗಕ್ಕೆ ಇಳಿಸುವ ಕಪ್ಪು ಗಾಜು, ಹಾಕಿದರೆ ಸೆಕೆಂಡಿನ 60ನೇ ಒಂದು ಭಾಗದ ಎಕ್ಸ್‌ಪೋಷರ್ 17 ಸೆಕೆಂಡ್ ಆಗುತ್ತದೆ, ಮೋಡ ತಾನೇ ಎಳೆದುಕೊಳ್ಳುತ್ತದೆ. ಚೆಂದವೇ, ಆದರೆ ಎಲ್ಲರೂ ಅದನ್ನೇ ಮಾಡಿ ಸವೆದುಹೋಗಿದೆ. ಮಾಮೂಲಿ ಗಾಜಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ತೆಳು ಹಸಿರು ಇರುತ್ತದೆ. ನನಗೆ ಆ ಹಸಿರನ್ನು ಕಳೆದುಕೊಳ್ಳಲು ಮನಸ್ಸಾಗುವುದಿಲ್ಲ.

ಎಲ್ಲವನ್ನೂ ಕಳೆಯುತ್ತಾ ಹೋದರೆ ಕೊನೆಗೆ ಬರೀ ಗೀಟು ಉಳಿಯುತ್ತದೆ, ಅದೂ ಬೇಸರ. ಕಣ್ಣಿಗೆ ಎಲ್ಲಾದರೂ ಒಂದು ಮುಳ್ಳು ಚುಚ್ಚಬೇಕು. 1915ರಲ್ಲಿ ಅಮೆರಿಕದ ಛಾಯಾಗ್ರಾಹಕ ಪಾಲ್ ಸ್ಟ್ರಾಂಡ್ ನ್ಯೂಯಾರ್ಕಿನ ಜೆ.ಪಿ. ಮಾರ್ಗನ್ ಬ್ಯಾಂಕ್ ಕಟ್ಟಡದ ದೈತ್ಯ ಕಪ್ಪು ಕಿಟಕಿಗಳ ಫೋಟೊ ತೆಗೆದಾಗ, ಬುಡದಲ್ಲಿ ಇರುವೆಗಳಂತೆ ನಡೆಯುವ ಜನರನ್ನು ಉಳಿಸಿಕೊಂಡ. ಆ ಜನರನ್ನು ಅಳಿಸಿದರೆ ಕಿಟಕಿಗಳು ಅಷ್ಟು ಹೆದರಿಸುವುದಿಲ್ಲ. ನನ್ನ ಮುಳ್ಳು ಸಾಮಾನ್ಯವಾಗಿ ಕಿಟಕಿ ಪರದೆ. ಇದಕ್ಕೆ ವಾಸ್ತುಶಿಲ್ಪಿಗಳೂ ಹೆದರುತ್ತಿದ್ದರು. 1958ರಲ್ಲಿ ಮುಗಿದ ನ್ಯೂಯಾರ್ಕಿನ ಸೀಗ್ರಾಂ ಕಟ್ಟಡದಲ್ಲಿ ಅದರ ವಾಸ್ತುಶಿಲ್ಪಿ ಮೀಸ್ ವ್ಯಾನ್ ಡೆರ್ ರೋಹೆ ಪರದೆಗಳಿಗೆ ಮೂರೇ ನಿಲುವು ಇಡಿಸಿದ: ಪೂರ್ತಿ ಮೇಲೆ, ಅರ್ಧ, ಪೂರ್ತಿ ಕೆಳಗೆ. ಯಾರೋ ಒಬ್ಬರು ಮನಸ್ಸಿಗೆ ಬಂದಷ್ಟು ಎಳೆದು ಗೋಡೆಯ ಅಂದ ಕೆಡಿಸಬಾರದು ಅಂತ.

ನಾನು ಕಾಯುವುದು ಆ ಕೆಡಿಸುವವರಿಗೇ. ಒಂದು ಗೋಡೆಯಲ್ಲಿ 108 ಕಿಟಕಿಗಳು, ಅಡ್ಡ 12, ಉದ್ದ 9. ಅದರಲ್ಲಿ ಒಂದೇ ಒಂದು ಪರದೆಯ ದಾರ ಹರಿದು ಓರೆಯಾಗಿ ಜೋತುಬಿದ್ದಿತ್ತು. ಮೊದಲ ಎರಡು ದಿನ ಮೋಡ. ಮೂರನೇ ದಿನ ತುಸು ಬೆಳಕು ಬಂತು, ಒಂದು ಫ್ರೇಮ್ ತೆಗೆದೆ, ನಾಳೆ ಇನ್ನೂ ಚೆನ್ನಾಗಿ ಬರುತ್ತದೆ ಅಂದುಕೊಂಡೆ. ನಾಲ್ಕನೇ ದಿನ ಬೆಳಕು ಹೇಳಿ ಮಾಡಿಸಿದಂತಿತ್ತು. ಅಷ್ಟರಲ್ಲಿ ಯಾರೋ ಪರದೆಗೆ ಹೊಸ ದಾರ ಹಾಕಿದ್ದರು. ಪ್ರಿಂಟ್ ಮಾಡಿಸಿದ್ದು ಮೂರನೇ ದಿನದ್ದನ್ನೇ.